ಕೂಸು ಬಿಡಲು ಒಂದು ಮನೆ



ನಮ್ಮ ಶಾಲೆಯ ಹಾಜರಿ ಪುಸ್ತಕದಿಂದ ಈ ಮಾತು ಶುರು ಮಾಡುತ್ತೇವೆ.

ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬಲು ಚುರುಕು. ಜೂನ್ ತಿಂಗಳು ದಿನಾ ಬಂದಳು. ಜುಲೈಯಲ್ಲಿ ವಾರಕ್ಕೆ ಎರಡು ದಿನ ಬಂದಳು. ಆಗಸ್ಟಿನಲ್ಲಿ ಬರಲೇ ಇಲ್ಲ. ಅವಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ.

ನಾವು ಮನೆಗೆ ಹೋಗಿ ನೋಡಿದೆವು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಸೊಂಟದ ಮೇಲೆ ಏಳು ತಿಂಗಳ ತಮ್ಮ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

"ಅಮ್ಮ ಎಲ್ಲಮ್ಮಾ?" ಎಂದು ಕೇಳಿದೆವು.

"ಗಾರ್ಮೆಂಟ್ಸ್‌ಗೆ ಹೋಗವ್ರೆ ಮಿಸ್. ರಜ ಮುಗೀತು. ಪಾಪನ್ನ ನೋಡ್ಕೊಳೋಕೆ ಯಾರೂ ಇಲ್ಲ."

ಆ ಹುಡುಗಿಗೆ ಆಗ ಒಂಬತ್ತು ವರ್ಷ. ಅವಳ ತಾಯಿಯನ್ನು ಬಯ್ಯೋಣ ಎಂದುಕೊಂಡು ಹೋಗಿದ್ದೆವು. ಬಯ್ಯಲು ಬಾಯಿ ಬರಲಿಲ್ಲ. ಆಕೆ ಕೆಲಸ ಬಿಟ್ಟರೆ ಮನೆ ಬಾಡಿಗೆ ಯಾರು ಕಟ್ಟುತ್ತಾರೆ?

ನಮ್ಮದು ದೊಡ್ಡಬಳ್ಳಾಪುರ. ಮಗ್ಗದ ಊರು. ಬೀದಿಗೆ ಕಾಲಿಟ್ಟರೆ ಮಗ್ಗದ ಸದ್ದು. ಈಗ ಊರ ಸುತ್ತ ಕಾರ್ಖಾನೆಗಳೂ ಬಂದಿವೆ. ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ ಬೆಳಗಾದರೆ ಹೆಂಗಸರು ಗುಂಪುಗುಂಪಾಗಿ ಹೋಗುತ್ತಾರೆ. ಕೆಲವರಿಗೆ ಮನೆಯಲ್ಲಿ ಅತ್ತೆ ಇದ್ದಾರೆ. ಕೆಲವರಿಗೆ ತಾಯಿ ಇದ್ದಾರೆ. ಬೇರೆ ಊರಿನಿಂದ ಬಂದವರಿಗೆ ಯಾರೂ ಇಲ್ಲ.

ಕಾರ್ಖಾನೆಯಲ್ಲಿ ಶಿಶುಗೃಹ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ ಬರೆದಿತ್ತು. ನಿಮ್ಮ ಕಾರ್ಖಾನೆಯಲ್ಲಿ ಇದೆಯೇ ಎಂದು ಕೇಳಿ. ಕೇಳುವುದು ತಪ್ಪಲ್ಲ. ಆದರೆ ಇದ್ದ ಕಡೆಯೂ ಎಲ್ಲ ತಾಯಂದಿರೂ ಕೂಸನ್ನು ಒಯ್ಯುವುದಿಲ್ಲ. ತುಂಬಿದ ಬಸ್ಸಿನಲ್ಲಿ, ನಿಲ್ಲಲೂ ಜಾಗ ಇಲ್ಲದ ಕಡೆ, ಆರು ತಿಂಗಳ ಕೂಸನ್ನು ದಿನಾ ಎತ್ತಿಕೊಂಡು ಹೋಗುವುದು ಸುಲಭವೇ? ಮನೆಯ ಹತ್ತಿರವೇ ಬಿಟ್ಟು ಹೋಗಲು ಒಂದು ಜಾಗ ಬೇಕು. ಆ ಜಾಗ ನಿಮ್ಮ ಮನೆಯೇ ಆಗಬಹುದು. ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹೀಗೆ ಮಾಡಿದರು. ಅವರನ್ನು ಇಲ್ಲಿ ಮಗ್ಗದ ಮನೆ ಅಕ್ಕ ಎಂದು ಕರೆಯುತ್ತೇವೆ.

ಬೋರ್ಡು ಹಾಕಿದರು, ಯಾರೂ ಬರಲಿಲ್ಲ

ಮಗ್ಗದ ಮನೆ ಅಕ್ಕ ಮೊದಲು ಕಂಡಿಕೆ ಸುತ್ತುತ್ತಿದ್ದರು. ಬೆನ್ನು ನೋವು ಬಂತು. ಮಗ್ಗವನ್ನೂ ಮಾರಿದರು. ಮಗ್ಗ ಇದ್ದ ಕೋಣೆ ಖಾಲಿ ಬಿತ್ತು. ಗಾಳಿ ಬೆಳಕು ಇರುವ ಕೋಣೆ.

"ಟೀಚರಮ್ಮ, ಮನೇಲಿ ಕೂತು ನಾಕು ಮಕ್ಕಳನ್ನ ನೋಡ್ಕೊಂಡ್ರೆ ಹೆಂಗೆ?" ಎಂದು ಒಂದು ದಿನ ಕೇಳಿದರು. ನಮಗೂ ಸರಿ ಅನ್ನಿಸಿತು. ಅಕ್ಕ ತಾವೇ ಸುಣ್ಣದಲ್ಲಿ ಗೋಡೆಯ ಮೇಲೆ ಬರೆದರು: "ಇಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇವೆ." ಅಕ್ಷರ ದುಂಡಾಗಿತ್ತು. ಇಪ್ಪತ್ತೆರಡು ದಿನ ಕಾದರು. ಒಂದು ಮಗುವೂ ಬರಲಿಲ್ಲ.

ನಾವು ಕೇಂದ್ರದಲ್ಲಿ ಎಲ್ಲ ಹೆಂಗಸರನ್ನೂ ಕೂರಿಸಿಕೊಂಡು ಕೇಳಿದೆವು. "ನೀವು ನಿಮ್ಮ ಕೂಸನ್ನು ಈ ಅಕ್ಕನ ಮನೆಯಲ್ಲಿ ಬಿಡ್ತೀರಾ?"

ಎಲ್ಲರಿಗೂ ಅಕ್ಕ ಗೊತ್ತು. ಆದರೂ ಎಲ್ಲರೂ ಸುಮ್ಮನೆ ಕೂತರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

"ಅವರ ಮನೆ ಸಂಪಿನ ಮುಚ್ಚಳ ಒಡೆದೈತೆ."

"ಎಷ್ಟು ದುಡ್ಡು ಅಂತ ಗೊತ್ತಿಲ್ಲ. ಕೇಳೋಕೆ ನಾಚಿಕೆ."

"ಏಳೂವರೆಗೆ ನನ್ನ ಬಸ್ಸು. ಅಷ್ಟೊತ್ತಿಗೆ ಬಾಗಿಲು ತೆಗೀತಾರೋ ಇಲ್ವೋ."

"ನಮ್ಮತ್ತೆ ಒಪ್ಪಲ್ಲ."

ಅಕ್ಕನಿಗೆ ಬೇಸರವಾಯಿತು. ಮುಖ ಸಣ್ಣದು ಮಾಡಿಕೊಂಡರು. ಆದರೆ ಮಾರನೇ ದಿನವೇ ಸಂಪಿಗೆ ಹೊಸ ಮುಚ್ಚಳ ಹಾಕಿಸಿ, ಬೀಗ ಹಾಕಿದರು. ನಮಗೆ ಅವರ ಮೇಲೆ ಗೌರವ ಬಂದದ್ದು ಆವತ್ತು.

ನೀವೂ ಈ ಕೆಲಸ ಶುರು ಮಾಡುವ ಮುಂಚೆ ಹೀಗೆಯೇ ಕೇಳಿ. ನಿಮ್ಮನ್ನು ಬಲ್ಲ ನಾಲ್ಕು ಹೆಂಗಸರನ್ನು ಮನೆಗೆ ಕರೆಯಿರಿ. ಮನೆ ಎಲ್ಲ ತೋರಿಸಿ. "ನಿಮ್ಮ ಕೂಸು ಇಲ್ಲಿದ್ದರೆ ನಿಮಗೆ ಯಾವುದರ ಭಯ?" ಎಂದು ಕೇಳಿ. ಸೀಮೆಎಣ್ಣೆ ಡಬ್ಬ, ಬಿಸಿನೀರಿನ ಹಂಡೆ, ಕರೆಂಟು ಪ್ಲಗ್ಗು, ಮೆಟ್ಟಿಲು, ನಾಯಿ, ಬೀಡಿ ಸೇದುವ ಗಂಡಸರು. ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಒಂದೊಂದಾಗಿ ಸರಿ ಮಾಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳಿ. ಪಂಚಾಯಿತಿ ಅಥವಾ ನಗರಸಭೆಯಲ್ಲಿ ಪರವಾನಗಿ ಏನಾದರೂ ಬೇಕೆ ಎಂದೂ ವಿಚಾರಿಸಿ.

ಗೋಡೆಯ ಬರಹವನ್ನೂ ಬದಲಾಯಿಸಿದೆವು. ಈಗ ಹೀಗಿದೆ:

"ಕೂಸುಗಳನ್ನು ನೋಡಿಕೊಳ್ಳುತ್ತೇವೆ. 6 ತಿಂಗಳಿಂದ 6 ವರ್ಷ. ಬೆಳಿಗ್ಗೆ 7ರಿಂದ ಸಂಜೆ 6.30. ಭಾನುವಾರ ರಜೆ. ಒಳಗೆ ಬಂದು ನೋಡಿ."

ಕೆಳಗೆ ಫೋನ್ ನಂಬರು. ಹಣ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಒಳಗೆ ಅಂಟಿಸಿದರು. ಕೇಳಲು ನಾಚುವವರು ಓದಿಕೊಳ್ಳಲಿ ಎಂದು. ನಿಜ ಹೇಳಬೇಕೆಂದರೆ, ಈ ಬೋರ್ಡು ನೋಡಿ ಬಂದದ್ದು ಒಬ್ಬರೇ ಒಬ್ಬರು. ಉಳಿದವರನ್ನು ನಾವು ಹುಡುಕಿಕೊಂಡು ಹೋಗಬೇಕಾಯಿತು.

ಕೂಸು ಇರುವ ಮನೆ ಯಾವುದು?

ಎಲ್ಲ ಮನೆಗೂ ಹೋಗಿ ಕೇಳಿದರೆ ಕಾಲು ನೋವು ಬರುತ್ತದೆ, ಅಷ್ಟೇ. ಎಲ್ಲಿ ಕೂಸು ಇದೆಯೋ, ತಾಯಿ ಕೆಲಸಕ್ಕೆ ಹೋಗಬೇಕಾಗಿದೆಯೋ, ಮನೆಯಲ್ಲಿ ದೊಡ್ಡವರು ಇಲ್ಲವೋ, ಅಲ್ಲಿಗೆ ಹೋಗಬೇಕು.

ಹೆರಿಗೆ ರಜೆಯ ವಿಷಯ ತಿಳಿದಿರಲಿ. ಮೊದಲು ಸಂಬಳ ಸಹಿತ ರಜೆ 12 ವಾರ ಇತ್ತು. 2017ರಲ್ಲಿ ಅದನ್ನು 26 ವಾರ ಮಾಡಿದರು. ಮೊದಲ ಎರಡು ಮಕ್ಕಳಿಗೆ ಇಷ್ಟು ರಜೆ ಸಿಗುತ್ತದೆ. 26 ವಾರ ಎಂದರೆ ಆರು ತಿಂಗಳು. ರಜೆ ಮುಗಿಯುವ ದಿನ ತಾಯಿ ಜಾಗ ಹುಡುಕುವುದಿಲ್ಲ. ಒಂದೆರಡು ತಿಂಗಳು ಮುಂಚೆಯೇ ಅವಳ ಎದೆಯಲ್ಲಿ ಢವಢವ ಶುರುವಾಗಿರುತ್ತದೆ. ಕೂಸಿಗೆ ನಾಲ್ಕು ತಿಂಗಳು ಇರುವಾಗಲೇ ನೀವು ಹೋಗಿ ಮಾತಾಡಬೇಕು. ಅವಳಿಗೂ ಯೋಚನೆ ಮಾಡಲು ಸಮಯ ಸಿಗುತ್ತದೆ. ನಮ್ಮ ಆ ಹುಡುಗಿಯ ತಾಯಿಗೆ ಯಾರಾದರೂ ಹೀಗೆ ಮುಂಚೆಯೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಯಾವ ಬೀದಿಯಲ್ಲಿ ಯಾರಿಗೆ ಹೆರಿಗೆ ಆಗಿದೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ಚುಚ್ಚುಮದ್ದಿನ ದಿನ ತಾಯಂದಿರು ಒಂದೇ ಕಡೆ ಸೇರುತ್ತಾರೆ. ಅಲ್ಲಿಗೆ ಹೋಗಿ. ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಲು ಆಶಾ ಅಕ್ಕನನ್ನು ಕೇಳಿ. ತಾಯಂದಿರ ಹೆಸರು, ನಂಬರು ಕೊಡಿ ಎಂದು ಮಾತ್ರ ಕೇಳಬೇಡಿ. ನಿಮ್ಮ ನಂಬರನ್ನು ಅವರಿಗೆ ಕೊಟ್ಟು ಬನ್ನಿ. ಬೇಕಾದವರು ಫೋನ್ ಮಾಡಲಿ.

ಅಂಗನವಾಡಿ ಟೀಚರ್ ಹತ್ತಿರ ಹೋಗಲು ಮಗ್ಗದ ಮನೆ ಅಕ್ಕ ಹೆದರಿದರು. "ಅವರ ಮಕ್ಕಳನ್ನ ನಾನು ಕಿತ್ಕೊಂಡಂಗೆ ಆಗಲ್ವಾ?" ಎಂದರು. ಹಾಗೆ ಆಗುವುದಿಲ್ಲ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿ ಕೂತು ಆಡಿ ಕಲಿಯುತ್ತಾರೆ, ಊಟ ಮಾಡುತ್ತಾರೆ. ಮೂರು ವರ್ಷದ ಒಳಗಿನ ಕೂಸುಗಳಿಗೆ ಆಹಾರ ಮನೆಗೆ ಕೊಡುತ್ತಾರೆ. ಆ ಕೂಸುಗಳನ್ನು ದಿನವಿಡೀ ನೋಡಿಕೊಳ್ಳುವುದು ಅವರ ಕೆಲಸವಲ್ಲ. ಇನ್ನೂ ಒಂದು ವಿಷಯ. ಅಂಗನವಾಡಿ ಬಾಗಿಲು ತೆಗೆಯುವ ಮೊದಲೇ ಕಾರ್ಖಾನೆಯ ಬಸ್ಸು ಹೋಗಿರುತ್ತದೆ. ಅಂಗನವಾಡಿ ಮುಚ್ಚಿದ ಮೇಲೂ ತಾಯಿ ಮಿಷನ್ ಮುಂದೆಯೇ ಕೂತಿರುತ್ತಾಳೆ. ನಡುವಿನ ಆ ಹೊತ್ತಿನಲ್ಲಿ ಮಗು ಎಲ್ಲಿರಬೇಕು?

ಅಕ್ಕ ಅಂಗನವಾಡಿ ಟೀಚರ್ ಜೊತೆ ಕೂತು ಮಾತಾಡಿದರು. ಈಗ ಅವರೇ ಬೆಳಿಗ್ಗೆ ದೊಡ್ಡ ಮಕ್ಕಳನ್ನು ಅಂಗನವಾಡಿಗೆ ಬಿಡುತ್ತಾರೆ, ಮುಗಿದ ಮೇಲೆ ಕರೆತರುತ್ತಾರೆ. ಕರೆದುಕೊಂಡು ಹೋಗಲು ಅಕ್ಕ ಬರುತ್ತಾರೆ ಎಂದು ತಾಯಂದಿರು ಟೀಚರಿಗೆ ಹೇಳಿದ್ದಾರೆ. ಆ ಹೊತ್ತಿನಲ್ಲಿ ಪಕ್ಕದ ಮನೆಯ ಅಜ್ಜಿ ಬಂದು ಕೂಸುಗಳ ಹತ್ತಿರ ಕೂರುತ್ತಾರೆ. ಹೀಗೆ ಮೂರು ಮನೆಯವರು ಸಿಕ್ಕರು.

ಬೆಳಿಗ್ಗೆ ಬಸ್ ನಿಲ್ದಾಣಕ್ಕೂ ಹೋಗಿ ಬಂದೆವು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡು ಕೊಡುವಂತಿಲ್ಲ. ನಿಲ್ದಾಣದಲ್ಲಿ ಜನ ಬೇಕಾದಷ್ಟು ಇದ್ದರು. ಆದರೆ ಮಾತಾಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ಸಂಜೆ ಹೋದದ್ದು ಒಳ್ಳೆಯದಾಯಿತು. ಸೊಪ್ಪು ಮಾರುವವರ ಹತ್ತಿರ ನಿಂತು ಹೆಂಗಸರು ನಿಧಾನವಾಗಿ ಕೇಳಿಸಿಕೊಂಡರು.

ಇನ್ನು ನಮ್ಮ ಹಾಜರಿ ಪುಸ್ತಕ. ಶಾಲೆಗೆ ಬಾರದ ಹೆಣ್ಣುಮಕ್ಕಳ ಮನೆಗೆ ನಾವು ಹೇಗೂ ಹೋಗುತ್ತೇವೆ. ಎಷ್ಟೋ ಮನೆಯಲ್ಲಿ ಕಾರಣ ಒಂದೇ, ಕೂಸು. ಅಲ್ಲಿ ಅಕ್ಕನ ವಿಷಯ ಹೇಳಿ ಬಂದೆವು. ನಿಮ್ಮ ಊರಿನ ಶಾಲೆಯ ಟೀಚರಿಗೂ ಹೇಳಿ ಇಡಿ.

ಹಳ್ಳಿಯಲ್ಲಿ ಇರುವವರು ಮೊದಲು ಪಂಚಾಯಿತಿಯಲ್ಲಿ ಕೇಳಿ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಎಂದು 2023ರಲ್ಲಿ ನಮ್ಮ ಸರ್ಕಾರ 'ಕೂಸಿನ ಮನೆ' ಯೋಜನೆ ತಂದಿತು. ನಿಮ್ಮಲ್ಲಿ ಅದು ನಡೆಯುತ್ತಿದ್ದರೆ ನಿಮ್ಮ ಲೆಕ್ಕ ಬೇರೆ ಆಗುತ್ತದೆ.

ಮೊದಲ ಕೂಸು

ಮೊದಲ ಕೂಸು ಸಿಗುವುದೇ ಕಷ್ಟ. ಅಕ್ಕನ ಹತ್ತಿರ ಮೊದಲು ಬಂದದ್ದು ನಮ್ಮ ಆ ಹುಡುಗಿಯ ತಮ್ಮ. ತಾಯಿ ಒಂದು ದಿನ ರಜೆ ಹಾಕಿ, ಕೂಸಿನ ಜೊತೆ ಅಕ್ಕನ ಮನೆಯಲ್ಲೇ ಕೂತಳು. ಮಾರನೇ ದಿನ ಎರಡು ಗಂಟೆ ಮಾತ್ರ ಬಿಟ್ಟು ನೋಡಿದಳು. ಈ ಎರಡು ದಿನಕ್ಕೆ ಅಕ್ಕ ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಬಂದ ಎಲ್ಲರಿಗೂ ಇದೇ ಪದ್ಧತಿ. ಮನೆಯಲ್ಲಿ ಅತ್ತೆ ಇದ್ದರೆ ಅತ್ತೆಯನ್ನೂ ಕರೆಯಿರಿ. ಗಂಡನನ್ನೂ ಕರೆಯಿರಿ. ತಾಯಿ ಒಪ್ಪಿದರೂ ಅತ್ತೆ ಒಪ್ಪದಿದ್ದರೆ ಕೂಸು ನಾಲ್ಕು ದಿನ ಬಂದು ನಿಲ್ಲುತ್ತದೆ.

ಇನ್ನೊಂದು ಮಾತು ಹೇಳದೆ ಇರಲು ಆಗುವುದಿಲ್ಲ. "ನೀವು ಯಾವ ಜನ?" ಎಂದು ಕೇಳುವವರು ಇದ್ದಾರೆ. ಅಕ್ಕನನ್ನೂ ಕೇಳಿದರು. ಅಕ್ಕ ಮುಚ್ಚಿಡದೆ ಹೇಳಿದರು. ಎರಡು ಮನೆಯವರು ಹಾಗೇ ತಿರುಗಿ ಹೋದರು. ನಮಗೆ ಸಿಟ್ಟು ಬಂತು. ಅಕ್ಕ ಮಾತ್ರ ಸುಮ್ಮನಿದ್ದರು. ಒಂದು ತಿಂಗಳು ಆದ ಮೇಲೆ ಅವರಲ್ಲಿ ಒಬ್ಬರು ಮತ್ತೆ ಬಂದರು. ಬೇರೆ ಎಲ್ಲೂ ಜಾಗ ಸಿಕ್ಕಿರಲಿಲ್ಲ. ಮಗುವಿನ ಊಟಕ್ಕೆ ತಮ್ಮ ಮನೆಯಿಂದಲೇ ಡಬ್ಬಿ ಕಳಿಸುತ್ತೇವೆ ಎಂದರು. ಅಕ್ಕ ಆಗಲಿ ಎಂದರು. ಮಗುವಿಗೆ ಡಬ್ಬಿ ಬೇಡ. ಎಲ್ಲರ ಜೊತೆ ಕೂತು ಮುದ್ದೆ ಸಾರು ಬೇಕು. ಡಬ್ಬಿ ತುಂಬಿಯೇ ವಾಪಸ್ಸು ಹೋಗತೊಡಗಿತು. ಸ್ವಲ್ಪ ದಿನಕ್ಕೆ ಡಬ್ಬಿ ಬರುವುದು ನಿಂತಿತು.

ದುಡ್ಡಿನ ಮಾತು

ದುಡ್ಡಿನ ಮಾತು ಮೊದಲ ದಿನವೇ ಆಗಬೇಕು. ಕೆಳಗಿನದು ಒಂದು ಮಾದರಿ ಲೆಕ್ಕ. ನಿಮ್ಮ ಊರಿನ ದರ ಬೇರೆ ಇರಬಹುದು. ಓದಿ, ಕೂಡಿ ನೋಡಿ.

ದಿನವಿಡೀ ಇರುವ ಕೂಸುಗಳು 3. ಒಬ್ಬರಿಗೆ 1,800 ರೂಪಾಯಿ. ಒಟ್ಟು 5,400.
ಅಂಗನವಾಡಿಗೆ ಹೋಗಿ ಬರುವ ಮಕ್ಕಳು 3. ಒಬ್ಬರಿಗೆ 1,000 ರೂಪಾಯಿ. ಒಟ್ಟು 3,000.
ತಿಂಗಳಿಗೆ ಬಂದದ್ದು 8,400.
ರಾಗಿ, ಅಕ್ಕಿ, ಬೇಳೆ, ಹಾಲು, ತರಕಾರಿ 2,300. ಗ್ಯಾಸ್ 600. ಸೋಪು, ಬಟ್ಟೆ, ಪೊರಕೆ 300. ಖರ್ಚು 3,200.
ಉಳಿದದ್ದು 5,200.

ತಿಂಗಳಿಗೆ 26 ದಿನ ಕೆಲಸ ಎಂದರೆ ದಿನಕ್ಕೆ 200 ರೂಪಾಯಿ. ಹನ್ನೊಂದೂವರೆ ಗಂಟೆಯ ದುಡಿಮೆಗೆ ಇದು ಕಡಿಮೆಯೇ. ಜೊತೆಗೆ ಕೂರುವ ಅಜ್ಜಿಗೂ ಏನಾದರೂ ಕೊಡಬೇಕು. ಹಾಗೆಂದು ದರ ಏರಿಸಿದರೆ ತಾಯಿಗೆ ಗಿಟ್ಟುವುದಿಲ್ಲ. ಹುಡುಗಿ ಮತ್ತೆ ಶಾಲೆ ಬಿಡುತ್ತಾಳೆ. ಹೆಚ್ಚು ಮಕ್ಕಳನ್ನು ತೆಗೆದುಕೊಂಡರೆ ಹೆಚ್ಚು ದುಡ್ಡು ಬರುತ್ತದೆ, ನಿಜ. ಆದರೆ ನಮ್ಮ ಮಾತು ಕೇಳಿ. ಎರಡು ವರ್ಷದ ಒಳಗಿನ ಕೂಸುಗಳು ಮೂರಕ್ಕಿಂತ ಹೆಚ್ಚು ಬೇಡ. ಮೂರೂ ಒಟ್ಟಿಗೆ ಅತ್ತರೆ ನಿಮಗೆ ಇರುವುದು ಎರಡೇ ಕೈ.

ಹಣ ಕೊಡುವ ದಿನ ತಿಂಗಳ 10ನೇ ತಾರೀಕು ಇರಲಿ. ಸಾಮಾನ್ಯವಾಗಿ ಅಷ್ಟೊತ್ತಿಗೆ ತಾಯಿಗೆ ಸಂಬಳ ಸಿಕ್ಕಿರುತ್ತದೆ. ಓಟಿ ಇದ್ದ ದಿನ ತಡವಾದರೆ ಎಷ್ಟು, ಮಗು ಬಾರದ ದಿನಕ್ಕೆ ಹಣ ಕಳೆಯಬೇಕೋ ಬೇಡವೋ, ಇದನ್ನೂ ಬರೆದಿಡಿ. ಜ್ವರ, ಭೇದಿ ಇದ್ದರೆ ಆ ದಿನ ಮಗುವನ್ನು ಕಳಿಸಬಾರದು ಎಂದೂ ಬರೆಯಿರಿ. ತಾಯಂದಿರಿಗೆ ಇದು ಇಷ್ಟವಾಗುವುದಿಲ್ಲ. ಅವರ ಒಂದು ದಿನದ ಸಂಬಳ ಹೋಗುತ್ತದೆ. ಆದರೆ ಒಂದು ಕೂಸಿನ ಭೇದಿ ಮೂರು ಕೂಸಿಗೆ ಹರಡಿದರೆ ಮೂರು ಮನೆಯ ಸಂಬಳ ಹೋಗುತ್ತದೆ. ನೀವು ಘಾಟಿ ಜಾತ್ರೆಗೆ ಹೋಗಬೇಕೇ? ಎಂಟು ದಿನ ಮುಂಚೆಯೇ ಹೇಳಿ.

ಒಂದು ಗುರುವಾರ

ಮೂರು ತಿಂಗಳಲ್ಲಿ ಅಕ್ಕನ ಹತ್ತಿರ ಐದು ಮಕ್ಕಳು ಸೇರಿದ್ದರು. ಎಲ್ಲ ಚೆನ್ನಾಗಿತ್ತು. ಒಂದು ಗುರುವಾರ ಅಕ್ಕ ಅಡಿಗೆ ಮನೆಯಲ್ಲಿ ಅನ್ನ ಬಸಿಯುತ್ತಿದ್ದರು. ಒಂದೂವರೆ ವರ್ಷದ ಮಗು ಹೊಸ್ತಿಲು ಎಡವಿ ಬಿತ್ತು. ಹಣೆ ಊದಿತು. ಅಕ್ಕ ತಣ್ಣೀರು ಬಟ್ಟೆ ಇಟ್ಟರು. ಮಗು ಅತ್ತು ಸುಮ್ಮನಾಯಿತು, ಆಡಿತು, ಉಂಡಿತು.

ಆವತ್ತು ತಾಯಿಗೆ ಓಟಿ. ಬಂದಾಗ ಕತ್ತಲಾಗಿತ್ತು. ಕರೆಂಟು ಬೇರೆ ಇರಲಿಲ್ಲ. ಅಕ್ಕ ಏನೂ ಹೇಳಲಿಲ್ಲ. ಹೆದರಿದ್ದರು.

ಮಾರನೇ ದಿನ ಆ ಮಗು ಬರಲಿಲ್ಲ. ಅದೇ ಬೀದಿಯ ಇನ್ನೊಂದು ಮಗುವೂ ಬರಲಿಲ್ಲ. "ಮಗೂನ ಹೊಡೀತಾರಂತೆ" ಎಂಬ ಮಾತು ನಲ್ಲಿಯ ಹತ್ತಿರ ಆಗಲೇ ಹರಡಿತ್ತು.

ಅಕ್ಕ ಕೇಂದ್ರಕ್ಕೆ ಬಂದು ಅತ್ತರು. "ಇನ್ನು ಸಾಕು ಟೀಚರಮ್ಮ, ಬಾಗಿಲು ಹಾಕ್ತೀನಿ" ಎಂದರು. ನಾವು ಅವರ ಜೊತೆ ಆ ಮನೆಗೆ ಹೋದೆವು. ಅಕ್ಕ ನಿಂತೇ ಹೇಳಿದರು. "ತಾಯಿ, ಮಗ ಬಿದ್ದ. ನಾನು ಅನ್ನ ಬಸೀತಿದ್ದೆ. ನಿಮಗೆ ಹೇಳೋಕೆ ಹೆದರ್ಕೊಂಡೆ. ತಪ್ಪಾಯ್ತು." ಗಂಡ ಜೋರಾಗಿ ಬೈದ. ನಮಗೂ ಬೈಗುಳ ಸಿಕ್ಕಿತು. ತಾಯಿ ತಲೆ ಎತ್ತಿ ನೋಡಲಿಲ್ಲ. ನಾವು ಎದ್ದು ಬಂದೆವು.

ಒಂಬತ್ತು ದಿನ ಆದ ಮೇಲೆ ಆಕೆ ಮಗುವನ್ನು ಎತ್ತಿಕೊಂಡು ಬಂದಳು. ಇನ್ನೊಂದು ಮನೆಯವರು ಮಾತ್ರ ಮತ್ತೆ ಬರಲೇ ಇಲ್ಲ.

ಅಂದಿನಿಂದ ಅಕ್ಕ ಒಂದೊಂದು ಮಗುವಿಗೆ ಒಂದೊಂದು ನೋಟ್‌ಬುಕ್ ಇಟ್ಟಿದ್ದಾರೆ. ಮೊದಲ ಪುಟದಲ್ಲಿ ಮಗುವಿನ ಹೆಸರು, ತಾಯಿ ತಂದೆಯ ಫೋನು, ಹಾಕಿಸಿದ ಚುಚ್ಚುಮದ್ದು, ಯಾವ ಊಟ ಆಗದು. ಕೆಲವು ಕಾರ್ಖಾನೆಯಲ್ಲಿ ಫೋನು ಒಳಗೆ ಬಿಡುವುದಿಲ್ಲ. ಅದಕ್ಕೆ ಕಾರ್ಖಾನೆಯ ಆಫೀಸಿನ ನಂಬರೂ ಬರೆದಿದ್ದಾರೆ. ಮಗುವನ್ನು ಯಾರ ಕೈಗೆ ಕೊಡಬಹುದು ಎಂದೂ ಅಲ್ಲಿದೆ. ಒಂದು ಸಂಜೆ ಒಬ್ಬ ಮಾವ ಕುಡಿದು ಬಂದು ಮಗುವನ್ನು ಕೊಡಿ ಎಂದ. ಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಅಕ್ಕ ಬಾಗಿಲು ತೆಗೆಯಲಿಲ್ಲ. ಈ ಸುದ್ದಿಯೂ ನಲ್ಲಿಯ ಹತ್ತಿರ ಹರಡಿತು. ಮುಂದಿನ ವಾರ ಇಬ್ಬರು ತಾಯಂದಿರು ಬಂದು ಜಾಗ ಇದೆಯೇ ಎಂದು ಕೇಳಿದರು.

ದಿನಾ ಸಂಜೆ ಅಕ್ಕ ಒಂದು ಸಾಲು ಬರೆಯುತ್ತಾರೆ. ಏನು ಉಂಡಿತು, ಎಷ್ಟು ಹೊತ್ತು ಮಲಗಿತು, ಬಿತ್ತೇ, ಅತ್ತಿತೇ. ಮೊದಲ ದಿನ ಬರೆದದ್ದು ನಮಗೆ ಇನ್ನೂ ನೆನಪಿದೆ. "ಇವತು ಮಗು ಚನಾಗಿ ಉಂಡಿತು. ಮದ್ಯಾನ ಬಿತು. ಮಂಡಿ ತರಚಿದೆ." ಒತ್ತಕ್ಷರ ಬಿಟ್ಟುಹೋಗಿತ್ತು. ನಾವು ಆಗ ತಿದ್ದಲಿಲ್ಲ. ತಾಯಿ ಬೀದಿದೀಪದ ಕೆಳಗೆ ನಿಂತು ಅದನ್ನು ಓದಿದಳು. ಮಂಡಿ ನೋಡಿದಳು. "ಸರಿ ಅಕ್ಕ, ನಾಳೆ ಬತ್ತೀನಿ" ಎಂದು ಹೋದಳು.

ಆ ನಾಲ್ಕನೇ ತರಗತಿಯ ಹುಡುಗಿ ಈಗ ಐದನೇ ತರಗತಿ. ಅಮ್ಮ ಬೇಗ ಹೋಗುವ ದಿನ ತಮ್ಮನನ್ನು ಅವಳೇ ಅಕ್ಕನ ಮನೆಗೆ ಬಿಟ್ಟು ಶಾಲೆಗೆ ಬರುತ್ತಾಳೆ. ಅಲ್ಲಿ ಕೂಸುಗಳ ಜೊತೆ ಆಡುತ್ತಾ ನಿಂತು ಹತ್ತು ನಿಮಿಷ ತಡ ಮಾಡುತ್ತಾಳೆ. ಪ್ರಾರ್ಥನೆ ಮುಗಿದ ಮೇಲೆ ಮೆಲ್ಲಗೆ ಬಂದು ಸಾಲಿನ ಕೊನೆಯಲ್ಲಿ ನಿಲ್ಲುತ್ತಾಳೆ. ನಾವು ನೋಡಿಯೂ ನೋಡದ ಹಾಗೆ ಹಾಜರಿ ಹಾಕುತ್ತೇವೆ.